ಬ್ಯಾಡಗಿಯ ಅಂಗಳದಲ್ಲಿ ದೋಣಿ ಕಾದದ್ದು

1987ರ ಏಪ್ರಿಲ್ ಕೊನೆಯ ಸೋಮವಾರ ಸಂಜೆ, ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಅಂಗಳದಲ್ಲಿ, ಟ್ರ್ಯಾಕ್ಟರಿನ ಟ್ರೇಲರ್ ಮೇಲಿದ್ದ ಕಟ್ಟಿಗೆಯ ದೋಣಿಗೆ ನನ್ನ ಸೋದರಮಾವ ನೀರು ತುಂಬಿಸಿದರು. ದೋಣಿಯನ್ನು ಯಾರೂ ಒಯ್ಯಬಾರದೆಂದು ಹಾಗೆ ಮಾಡಿದರು. ತುಂಬಿಸುವಾಗ ನಾನು ಅಲ್ಲಿರಲಿಲ್ಲ. ಅಂಗಳದ ಹಮಾಲರು ಮರುದಿನ ಹೇಳಿದರು, ಮಾವನೂ ಒಪ್ಪಿಕೊಂಡರು.

ಮಾವ ಗುತ್ತಲದ ಹತ್ತಿರ ತುಂಗಭದ್ರೆಯ ದಂಡೆಯವರು. ಜನರನ್ನು ಹೊಳೆ ದಾಟಿಸುವುದು ಮನೆತನದ ಕೆಲಸ. ಹಿಂದಿನ ವರ್ಷ ದಂಡೆಗೆ ಕಟ್ಟಿದ್ದ ಅವರ ದೋಣಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಹೊಳೆಗುಂಟ ಇರುವ ಊರುಗಳಲ್ಲೆಲ್ಲ ವಿಚಾರಿಸಿದರೂ ಸಿಗಲಿಲ್ಲ. ದೋಣಿ ಇಲ್ಲದವರಿಗೆ ದಾಟಿಸುವ ಗುತ್ತಿಗೆ ಕೊಡುವುದಿಲ್ಲ. ಈ ಸಲದ ಗುತ್ತಿಗೆಗೆ ಆಚೆ ದಂಡೆಯವರೊಬ್ಬರೂ ಅರ್ಜಿ ಹಾಕಿದ್ದರು. ಬುಧವಾರ ಬೆಳಿಗ್ಗೆ ಅಧಿಕಾರಿಯೊಬ್ಬರು ಬಂದು, ಯಾರ ದೋಣಿ ನೀರಿನಲ್ಲಿದೆ ಎಂದು ನೋಡಿ ತೀರ್ಮಾನಿಸುವವರಿದ್ದರು. ಇಬ್ಬರ ದೋಣಿಯೂ ಇದ್ದರೆ ಹಳಬರಿಗೇ ಕೊಡುವುದು ರೂಢಿ.

ಅದಕ್ಕೆ ಮಾವ ಕರಾವಳಿಗೆ ಹೋಗಿ ಹಳೆಯ ದೋಣಿಯೊಂದನ್ನು ಕೊಂಡರು. ಮೆಣಸಿನಕಾಯಿ ಹೇರಲು ಬ್ಯಾಡಗಿಗೆ ಖಾಲಿ ಬರುತ್ತಿದ್ದ ಲಾರಿಯಲ್ಲಿ ಅದನ್ನು ಇಡಿಸಿ, ತಾವೂ ದೋಣಿಯೊಳಗೇ ಕುಳಿತು ಘಟ್ಟ ಹತ್ತಿದರು. ಲಾರಿ ದಾರಿಯಲ್ಲಿ ಕೆಟ್ಟು ಒಂದು ದಿನ ನಿಂತಿತು. ಚಹಾ ಕುಡಿಯುವುದಕ್ಕೂ ಅವರು ಇಳಿಯಲಿಲ್ಲವಂತೆ. ಡ್ರೈವರ್ ಲೋಟವನ್ನು ಮೇಲಕ್ಕೇ ಕೊಟ್ಟನಂತೆ. ಬ್ಯಾಡಗಿಯಲ್ಲಿ ನಾನು ನೋಡಿದಾಗ ನಿದ್ದೆಯಿಲ್ಲದೆ ಅವರ ಕಣ್ಣುಗಳು ಕೆಂಪಗಾಗಿದ್ದವು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ನಾನಾಗ ಹಾವೇರಿಯಲ್ಲಿದ್ದು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನಮ್ಮ ಓಣಿಯ ಒಬ್ಬರ ಟ್ರ್ಯಾಕ್ಟರನ್ನು ಗೊತ್ತು ಮಾಡಿ, ಅವರ ಜೊತೆಗೇ ಬ್ಯಾಡಗಿಗೆ ಬಂದಿದ್ದೆ. ಹಮಾಲರು ದೋಣಿಯನ್ನು ಲಾರಿಯಿಂದ ಟ್ರೇಲರಿಗೆ ದಾಟಿಸುವಷ್ಟರಲ್ಲಿ ಸಂಜೆಯಾಯಿತು. ಅಂದು ಪೇಟೆಯ ದಿನ, ರಸ್ತೆಯ ತುಂಬ ಚೀಲ ಹೇರಿದ ಗಾಡಿಗಳು. ಟ್ರೇಲರಿಗೆ ಹಿಂದೆ ದೀಪವಿರಲಿಲ್ಲ, ದೋಣಿಯ ಮೂತಿ ಹೊರಗೆ ಚಾಚಿತ್ತು. ಟ್ರ್ಯಾಕ್ಟರಿನವರು ಬೆಳಿಗ್ಗೆ ಹೋಗೋಣವೆಂದರು. ಅವರ ಮನೆಯಲ್ಲಿ ತಂಗಿಯ ಮಗಳ ನಿಕಾಹ್ ಇತ್ತು, ರಾತ್ರಿ ಅಲ್ಲಿ ನೀರಿನ ಟ್ಯಾಂಕರ್ ಎಳೆಯಲು ಟ್ರ್ಯಾಕ್ಟರಿನ ಇಂಜಿನ್ ಬೇಕಾಗಿತ್ತು. ಟ್ರೇಲರನ್ನು ವ್ಯಾಪಾರಿಯ ಅಂಗಳದಲ್ಲೇ ಬಿಟ್ಟು ಹೋಗುವುದೆಂದಾಯಿತು. ನಾನೂ ಸುದ್ದಿಯ ಲಕೋಟೆಯನ್ನು ಹುಬ್ಬಳ್ಳಿ ಬಸ್ಸಿಗೆ ಕೊಡಲು ಹಾವೇರಿಗೆ ಮರಳಬೇಕಿತ್ತು.

ಮಾವನಿಗೆ ಇದು ಮನಸ್ಸಿಗೆ ಬರಲಿಲ್ಲ.

"ಮಾಮಾ, ನೀವು ಮಕ್ಕೊಳ್ರಿ," ಎಂದೆ. "ಬ್ಯಾಡಗ್ಯಾಗ ದೋಣಿ ಕದ್ದು ಯಾರು ಎಲ್ಲಿ ತೇಲಸ್ತಾರ?"

"ನೀರಾಗ ಇದ್ದದ್ದನ್ನ ಒಯ್ದಾರ ತಮ್ಮಾ. ಇದಕ್ಕ ಗಾಲಿ ಬ್ಯಾರೆ ಅದಾವು."

ಟ್ರ್ಯಾಕ್ಟರ್ ಹೊರಡುವ ಹೊತ್ತಿಗೆ ಮಾವ ದೋಣಿಯ ಮೇಲೆ ತಾಡಪತ್ರಿ ಎಳೆಯುತ್ತಿದ್ದರು.

ಆಮೇಲೆ ನಡೆದದ್ದು ಇಷ್ಟು. ಹೊಳೆಯ ಮೇಲೆ ಅವರದೊಂದು ರೂಢಿಯಿತ್ತು. ಎರಡು ದಿನ ದೋಣಿಗೆ ಕೆಲಸವಿಲ್ಲದಿದ್ದರೆ ದಂಡೆಯ ತಗ್ಗು ನೀರಿನಲ್ಲಿ ಅದನ್ನು ಮುಳುಗಿಸಿ ಇಡುತ್ತಿದ್ದರು. ಮುಳುಗಿದ ದೋಣಿ ಯಾರ ಕೈಗೂ ಅಲುಗುವುದಿಲ್ಲ, ಬಿಸಿಲಿಗೆ ಹಲಗೆಯೂ ಬಿರಿಯುವುದಿಲ್ಲ. ಹಿಂದಿನ ವರ್ಷ ದೋಣಿ ಹೋದದ್ದು ಹಾಗೆ ಮುಳುಗಿಸದೆ ಮದುವೆಯೊಂದಕ್ಕೆ ಹೋಗಿದ್ದಾಗ. ಅಂಗಳದಲ್ಲಿ ನೀರಿನ ತೊಟ್ಟಿಯೂ ಪಂಪೂ ಇದ್ದವು. ಮಾವ ವ್ಯಾಪಾರಿಯನ್ನು ಕೇಳಿ ಪೈಪು ಹಚ್ಚಿದರು. ದೋಣಿ ತೊಳೆಯಲು ಇರಬೇಕೆಂದುಕೊಂಡು ಆತ ಹೂಂ ಎಂದಿದ್ದ. ಅಂಚಿನವರೆಗೆ ತುಂಬಿದ ಮೇಲೆ ತಾಡಪತ್ರಿ ಬಿಗಿದು ಕಟ್ಟಿ, ಕಟ್ಟೆಯ ಮೇಲಿನ ಖಾಲಿ ಚೀಲಗಳ ಮೇಲೆ ಮಲಗಿದರು.

ಮಂಗಳವಾರ ಬೆಳಿಗ್ಗೆ ನಾವು ಬಂದಾಗ ಮಾವ ಇನ್ನೂ ಎದ್ದಿರಲಿಲ್ಲ. ಅಂಗಳದಲ್ಲಿ ಆಗಲೇ ಮೆಣಸಿನಕಾಯಿ ಹರವಿದ್ದರು, ಹೆಂಗಸರು ತೊಟ್ಟು ಬಿಡಿಸುತ್ತ ಕುಳಿತಿದ್ದರು. ನಾನು ಎಬ್ಬಿಸಲು ಹೋದೆ.

"ಎಬ್ಬಸಬ್ಯಾಡ್ರಿ," ಎಂದರು ಟ್ರ್ಯಾಕ್ಟರಿನವರು. "ಕಾಕಾಗ ಎಲ್ಲಿ ನಿದ್ದಿ ಆಗೈತಿ? ಗಾಡಿ ರಸ್ತಾಕ್ಕ ತರತೇನಿ, ಆಮ್ಯಾಲ ಎಬ್ಬಸೋಣು."

ಅವರು ಕೊಂಡಿ ಹಾಕಿ ಎಳೆದರು. ಟ್ರೇಲರ್ ಕದಲಲಿಲ್ಲ. ಗಾಲಿ ಮಣ್ಣಿನಲ್ಲಿ ಹೂತಿರಬೇಕೆಂದು ಇನ್ನಷ್ಟು ಜೋರು ಕೊಟ್ಟರು. ಇಂಜಿನ್ನಿನ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದವು. ಅದೇ ಹೊತ್ತಿಗೆ ಟ್ರೇಲರಿನ ಕೆಳಗೆ ಕಬ್ಬಿಣ ಮುರಿದ ಸದ್ದಾಯಿತು. ಅದು ಒಂದು ಮಗ್ಗುಲಿಗೆ ಕುಸಿಯಿತು, ತಾಡಪತ್ರಿಯ ಅಂಚಿನಿಂದ ನೀರು ಸುರಿಯಿತು. ಮೆಣಸಿನಕಾಯಿ ಉಳಿಸಲು ಹೆಂಗಸರು ಸೆರಗು ಸಿಕ್ಕಿಸಿ ಓಡಿದರು.

ಸದ್ದಿಗೆ ಮಾವ ಎದ್ದು ಬಂದರು. ಅಂಗಳದ ನಡುವೆ ನಿಂತು ಟ್ರೇಲರ್ ನೋಡಿದರು.

"ಯಜಮಾನ್ರ, ಬ್ಯಾಡಗ್ಯಾಗ ಹೊಳಿ ಇಲ್ಲಂತ ನೀವ ತಂದೀರೇನು?" ಎಂದಳು ತೊಟ್ಟು ಬಿಡಿಸುವವಳೊಬ್ಬಳು. ಉಳಿದವರು ನಕ್ಕರು.

ಟ್ರ್ಯಾಕ್ಟರಿನವರು ಇಳಿದು, ಬಗ್ಗಿ ಕೆಳಗೆ ನೋಡಿದರು. ಆಕ್ಸಲ್ ಮುರಿದಿತ್ತು. "ಕಾಕಾ, ಕಳ್ಳಗ ಆಗಬಾರದು ಅಂತ ಮಾಡೀರಿ. ನನಗೂ ಆಗಲಿಲ್ಲ ನೋಡ್ರಿ."

"ಎಬ್ಬಸಬೇಕಿತ್ತು," ಎಂದರು ಮಾವ.

ದೋಣಿಯ ತಳದಲ್ಲಿ ನೀರು ಬಿಡುವ ತೂತಿಗೆ ಬಟ್ಟೆ ಸುತ್ತಿದ ಗೂಟ ಬಡಿದಿದ್ದರು. ಅದನ್ನು ಕಿತ್ತರೆ ನೀರೆಲ್ಲ ಮೆಣಸಿನಕಾಯಿಯ ಕಡೆಗೇ ಹರಿಯುತ್ತಿತ್ತು. ವ್ಯಾಪಾರಿ ಬೈಯಲಿಲ್ಲ, ರಸ್ತೆಗೆ ಹೊತ್ತು ಚೆಲ್ಲಿರಿ ಎಂದ. ನಾವು ಬಕೆಟ್ ಹಿಡಿದು ಮಧ್ಯಾಹ್ನದವರೆಗೆ ಹೊತ್ತೆವು. ಮಾವ ದೋಣಿಯೊಳಗೆ ನಿಂತು ತುಂಬಿ ಕೊಡುತ್ತಿದ್ದರು. ಆಗಾಗ ಕೈ ನಿಂತುಹೋಗುತ್ತಿತ್ತು. ಕೆಳಗಿದ್ದವರು ಕರೆದರೆ ಮತ್ತೆ ತುಂಬುತ್ತಿದ್ದರು.

ಬೇರೆ ಟ್ರೇಲರಿಗೆ ಕೇಳಿದೆವು. ಪೇಟೆಯ ಮರುದಿನವಾದ್ದರಿಂದ ಇದ್ದವೆಲ್ಲ ಚೀಲ ಹೇರಿಕೊಂಡು ನಿಂತಿದ್ದವು. ಬ್ಯಾಡಗಿಯ ವೆಲ್ಡಿಂಗ್ ಅಂಗಡಿಯವನು ಇಂಥ ಆಕ್ಸಲ್ ತನ್ನಿಂದಾಗದು, ರಾಣೆಬೆನ್ನೂರಿಗೆ ಒಯ್ಯಿರಿ ಎಂದ. ನಾನೂ ಟ್ರ್ಯಾಕ್ಟರಿನವರೂ ಅದನ್ನು ಬಿಚ್ಚಿಸಿ, ಬಾಡಿಗೆಯ ಮೆಟಡಾರಿನಲ್ಲಿ ಹಾಕಿಕೊಂಡು ರಾಣೆಬೆನ್ನೂರು ಮುಟ್ಟುವಾಗ ಹೊತ್ತು ಇಳಿದಿತ್ತು. ಅಲ್ಲಿ ಕರೆಂಟ್ ಇರಲಿಲ್ಲ. ವರ್ಕ್‌ಶಾಪಿನ ಬೆಂಚಿನ ಮೇಲೆ ಕಾಯುತ್ತ ಕುಳಿತೆವು. ಟ್ರ್ಯಾಕ್ಟರಿನವರು ನಿಕಾಹ್‌ದ ಊಟದ ಮಾತು ತೆಗೆದರು, ನಡುವೆಯೇ ಬಿಟ್ಟರು. ಕರೆಂಟ್ ಬಂದದ್ದು ಬುಧವಾರ ಬೆಳಿಗ್ಗೆ.

ಬೆಸೆಸಿದ ಆಕ್ಸಲನ್ನು ಬ್ಯಾಡಗಿಗೆ ತಂದು ಜೋಡಿಸಿ, ಹಾವೇರಿ ದಾಟಿ, ಗುತ್ತಲದ ಮೇಲೆ ಹಾಯ್ದು ಹೊಳೆ ಮುಟ್ಟಿದಾಗ ಬುಧವಾರ ಸಂಜೆ. ದಾರಿಯುದ್ದಕ್ಕೂ ಮಾವ ಟ್ರೇಲರಿನಲ್ಲೇ, ದೋಣಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಅಧಿಕಾರಿ ಬೆಳಿಗ್ಗೆಯೇ ಬಂದು ಹೋಗಿದ್ದರು. ಮಡುವಿನಲ್ಲಿ ಆಚೆ ದಂಡೆಯವರ ತಗಡಿನ ದೋಣಿ ನಿಂತಿತ್ತು. ಅದರ ಯಜಮಾನ ಈ ದಂಡೆಗೆ ಬಂದು, ದೋಣಿ ಇಳಿಸಲು ತನ್ನ ಆಳುಗಳನ್ನು ಕೊಟ್ಟ. ಇಳಿಸಿದ ಮೇಲೆ ಮಾವ ದಂಡೆಯ ಮೇಲೆ ಮಲಗಿಬಿಟ್ಟರು. ಅತ್ತೆ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಆ ವರ್ಷದ ಗುತ್ತಿಗೆ ಆಚೆ ದಂಡೆಯವರಿಗೆ ಹೋಯಿತು. ಮುಂದಿನ ವರ್ಷ ಅವರೇ ಹಳಬರಾದರು. ಮಾವ ತಮ್ಮ ದೋಣಿಯನ್ನು ಅವರಿಗೇ ಕೊಟ್ಟು, ಅವರ ಕೈಕೆಳಗೆ ಅದರಲ್ಲೇ ಹುಟ್ಟು ಹಾಕಿದರು. 1993ರಲ್ಲಿ ಬೆನ್ನುನೋವಿನಿಂದ ಆ ಕೆಲಸ ಬಿಟ್ಟರು. 1996ರ ಮಳೆಗಾಲದಲ್ಲಿ ನಾನು ಅಲ್ಲಿ ಹೊಳೆ ದಾಟಿದಾಗ ಗುತ್ತಿಗೆ ಆಚೆ ದಂಡೆಯವರ ಹೆಸರಿನಲ್ಲೇ ಇತ್ತು.