ಆರು ಎಲೆಅಡಿಕೆಯ ದೂರ

ಬಸವಾಪಟ್ಟಣದ ನನ್ನ ಸೋದರತ್ತೆ ಗಂಗಮ್ಮ ದಾರಿ ಅಳೆಯುವುದು ಎಲೆಅಡಿಕೆಯಲ್ಲಿ. ಬಸ್ಸು ಹತ್ತಿ ಸೊಂಟದ ಸಂಚಿ ಬಿಚ್ಚಿ ಒಂದು ಸಲ ಹಾಕಿಕೊಂಡರೆ ರಸ ಮುಗಿಯುವಷ್ಟರಲ್ಲಿ ಚನ್ನಗಿರಿ, ಹೊನ್ನಾಳಿಗೆ ಎರಡು, ಜಗಳೂರಿನ ಬೀಗರ ಮನೆಗೆ ಮಾತ್ರ ಲೆಕ್ಕವಿಲ್ಲ, ಆ ಬಿಸಿಲಿಗೆ ಬಾಯಿ ತಾನಾಗಿ ಒಣಗುತ್ತದಂತೆ. ಕೊನೆಯ ಎಲೆ ಬಾಯಿಗೆ ಹೋಗುವುದು ಸೇರುವ ಊರು ಕಣ್ಣಿಗೆ ಬಿದ್ದ ಮೇಲೆ. ಹೊಸ್ತಿಲ ಹೊರಗೆ ಉಗುಳಿ, ಬಾಯಿ ತೊಳೆದೇ ಒಳಗೆ ಹೋಗಬೇಕು.

ಜಗಳೂರಿನ ಅಳಿಯನಿಗೆ ದೆಹಲಿಯಲ್ಲಿ ಕೆಲಸ. ಮಗಳಿಗೆ ಹೆರಿಗೆಯಾಯಿತೆಂದು ಬಾಣಂತನಕ್ಕೆ ಅತ್ತೆ ಹೊರಟಳು, ಜೊತೆಗೆ ನಾನು.

"ಬೆಂಗಳೂರಿಂದ ಡೆಲ್ಲಿ ಎಷ್ಟು ದೂರ ಐತೆ?"

ಫೋನು ನೋಡಿ ಹೇಳಿದೆ: ಆಕಾಶಮಾರ್ಗದಲ್ಲಿ ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರು, ಮೂರು ಗಂಟೆಗೆ ಸ್ವಲ್ಪ ಕಡಿಮೆ. ಅವಳು ಮನಸ್ಸಿನಲ್ಲೇ ಅಗಿದು ನೋಡಿದಳು. "ಆರು ಎಲಡಿಕೆ ಅನ್ನು. ಜಗಳೂರು ಬಸ್ಸಿಗಿಂತ ವಾಸಿ."

ಆದರೆ ವಿಮಾನದಲ್ಲಿ ಉಗುಳುವಂತಿಲ್ಲ. "ಇಷ್ಟು ದುಡ್ಡು ಇಸ್ಕಂಡು ಉಗುಳಾಕೆ ಒಂದು ಜಾಗ ಇಟ್ಟಿಲ್ಲ ನೋಡು," ಎಂದು ಗೊಣಗುತ್ತ ದಾರಿಯುದ್ದಕ್ಕೂ ತಡೆದುಕೊಂಡಳು. ಕೆಳಗೆ ಮನೆಗಳ ಮಾಳಿಗೆ ಕಂಡಾಗ, "ಇಳೀತಾ ಇದೀವಿ ಅತ್ತೆ," ಎಂದುಬಿಟ್ಟೆ. ಊರು ಕಂಡಿತಲ್ಲ, ಎಲೆ ಮಡಿಸಿ ಬಾಯಿಗಿಟ್ಟಳು.

ಧೂಳಿನ ಬಿರುಗಾಳಿ ಎದ್ದದ್ದು ಆಗಲೇ. ಕಿಟಕಿ ಕೆಂಪಾಯಿತು, ರೆಕ್ಕೆ ಒಂದು ಕಡೆ ವಾಲಿತು, ಇನ್ನೇನು ನೆಲ ತಾಗಿತು ಎನ್ನುವಾಗ ವಿಮಾನ ಅರಚಿಕೊಂಡು ಮತ್ತೆ ಮೇಲಕ್ಕೇರಿತು. ಹಿಂದೆ ಯಾರೋ ಅಳುತ್ತಿದ್ದರು. ಬಾಯಿ ತುಂಬಿದ್ದ ಅತ್ತೆ ಮಾತಾಡಲಾರದೆ ನನ್ನ ಮುಂಗೈ ಹಿಡಿದಳು. ಎಷ್ಟು ಹೊತ್ತು ಸುತ್ತಿದೆವೋ ತಿಳಿಯದು. ಕೊನೆಗೆ ಚಕ್ರ ನೆಲ ಮುಟ್ಟಿದಾಗ ಅವಳ ಬಾಯಿ ಖಾಲಿಯಾಗಿತ್ತು.

"ನುಂಗಿಬಿಟ್ಟೆ ಕಣೆ. ಉಗುಳಾಕೆ ನೆಲ ಇರ್ಲಿಲ್ಲ."

ಗೆಳೆಯರೇ, ಊರೂರಿನ ನಡುವಿನ ಅಂತರ ಹೇಳುವ ಫೋನಿಗೆ ಕಾಲಿಗೂ ನೆಲಕ್ಕೂ ನಡುವಿನ ಅಂತರ ಗೊತ್ತಿಲ್ಲ. ಇಂದಿಗೂ ನ್ಯಾಮತಿ ಬಸ್ಸು ರಸ್ತೆಯ ಹಂಪು ಹಾರಿದರೆ ಆ ರೆಕ್ಕೆ ಮತ್ತೆ ವಾಲುತ್ತದೆ, ನನ್ನ ಪಾದ ಸೀಟಿನ ಕೆಳಗೆ ನೆಲವನ್ನು ತಡಕುತ್ತದೆ. ಸಿಕ್ಕ ಕೂಡಲೇ, ಮುಖ ನೋಡದ ಆ ಪೈಲಟ್ಟಿಗೆ, ಇಳಿಯುವ ಹಟ ಬಿಟ್ಟು ಮೇಲೇರಿದ ಅವನ ವಿವೇಕಕ್ಕೆ, ಮನಸ್ಸು ಕೈಮುಗಿಯುತ್ತದೆ.

ಅಂದು ಮಗಳ ಮನೆಯ ಬಾಗಿಲಲ್ಲಿ ಅತ್ತೆ ಕೈಕಾಲು ತೊಳೆದಳು. "ವಿಮಾನ ಹೆಂಗಿತ್ತವ್ವಾ?" ಎಂದಳು ಬಾಣಂತಿ.

"ಚೆನ್ನಾಗಿತ್ತು ಬಿಡು. ನೀನು ಎದ್ದು ತಿರುಗಬ್ಯಾಡ."

ಮಗಳು ನಂಬಿದಳು. ನಗುತ್ತ ಕೂಸನ್ನು ನೀಡಿದಳು. ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಸೆರಗಿನಲ್ಲಿ ಒರೆಸುವ ನೆವ ಮಾಡಿ, ನನ್ನ ಕಿವಿಯ ಹತ್ತಿರ ಬಂದಳು.

"ಮೊದ್ಲು ನೀನು ಎತ್ಕ. ನನ್ನ ಕೈ ಇನ್ನೂ ವಿಮಾನದಿಂದ ಇಳಿದಿಲ್ಲ."

ನನ್ನವೂ ಇಳಿದಿರಲಿಲ್ಲ. ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತೆವು. ಕೂಸನ್ನು ನಮ್ಮಿಬ್ಬರ ತೊಡೆ ಸೇರುವಲ್ಲಿ ಮಲಗಿಸಿಕೊಂಡೆವು.