ಚೀಲವಿಲ್ಲದ ನಡಿಗೆ

ಕಳೆದ ದೀಪಾವಳಿ ಮುಗಿದ ಮೂರನೇ ದಿನ ಕಲಬುರಗಿಯ ಮೂಳೆ ವೈದ್ಯರ ಕೋಣೆಯಲ್ಲಿ ನನ್ನ ಹೆಂಡತಿಯ ತೂಕ ಎಂಬತ್ತಾರು ಕಿಲೋ ಎಂದು ಚೀಟಿಗೆ ಬಿತ್ತು. ಹತ್ತು ಕಿಲೋ ಇಳಿಸಿಕೊಂಡು ಆರು ತಿಂಗಳಿಗೆ ಬನ್ನಿ, ಇಳಿಯದಿದ್ದರೆ ಮೊಣಕಾಲಿನ ಆಪರೇಷನ್ ವಿಚಾರ ಮಾಡೋಣ ಎಂದರು ವೈದ್ಯರು. ಆಕೆಗೆ ಆಪರೇಷನ್ ಎಂದರೆ ಭಯ. ಶಹಾಪುರಕ್ಕೆ ಮರಳುವಾಗ ಬಸ್ಸಿನಲ್ಲಿ ಆಡಿದ್ದು ಒಂದೇ ಮಾತು: "ನಾಳಿಂದ ನಡೀತೇನಿ."

ನಮ್ಮ ಓಣಿಯಲ್ಲಿ ಗಂಡಸರು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಹೆಂಗಸು ಸುಮ್ಮನೆ ನಡೆದರೆ ಎಲ್ಲಿಗೆ, ಯಾಕೆ ಎಂದು ನಾಲ್ಕು ಮನೆಯವರು ಕೇಳುತ್ತಾರೆ. ಅದಕ್ಕೇ ಆಕೆ ಸಂತೆಚೀಲ ಹಿಡಿದು ಹೊರಟಳು. ಚೀಲ ಕಂಡವರು ಏನೂ ಕೇಳಲಿಲ್ಲ. ಆದರೆ ಕೆಲಸ ಹೇಳಿದರು.

"ಅಕ್ಕಾ, ಹೆಂಗೂ ಹೊಂಟೀರಿ, ಎರಡು ಕಟ್ಟು ಪುಂಡಿಪಲ್ಲೆ ತರ್ರಿ."

"ನಮಗೊಂದು ಕಿಲೋ ಉಳ್ಳಾಗಡ್ಡಿ."

ವಾರದೊಳಗೆ ಓಣಿಯ ಅರ್ಧ ತರಕಾರಿ ಆಕೆಯ ಹೆಗಲ ಮೇಲೆ ಬರತೊಡಗಿತು. ಮೊಣಕಾಲಿನ ಜೊತೆ ಹೆಗಲೂ ನೋಯತೊಡಗಿತು. ಆಗ ಆಕೆ ಸಂತೆಯ ದಾರಿ ಬಿಟ್ಟು, ಪಕ್ಕದ ಗೋಗಿ ಊರಿಗೆ ಹೋಗುವ ರಸ್ತೆ ಹಿಡಿದಳು. ಚೀಲ ಮಾತ್ರ ಬಿಡಲಿಲ್ಲ.

ನಾನು ಮೂವತ್ತು ವರ್ಷದಿಂದ ಪತ್ರಿಕೆಗೆ ಸುದ್ದಿ ಬರೆಯುವವನು. ಕಂಡದ್ದನ್ನು ಬರೆದಿಡುವುದು ರೂಢಿ. ಆಕೆಯ ಊಟವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಎರಡು ಜೋಳದ ರೊಟ್ಟಿ, ಪಲ್ಯ, ಒಂದು ಹಿಡಿ ಅನ್ನ, ಮಜ್ಜಿಗೆ. ಆರು ವಾರದ ನಂತರ ಔಷಧ ಅಂಗಡಿಯ ತೂಕದ ಯಂತ್ರ ಮತ್ತೆ ಎಂಬತ್ತಾರನ್ನೇ ತೋರಿಸಿತು. ಮನೆಗೆ ಬಂದು ನೋಟ್‌ಬುಕ್ ತೆರೆದು, "ಯಂತ್ರನ ಕೆಟ್ಟೈತಿ," ಎಂದೆ.

ಆಕೆ ನಕ್ಕಳು. "ತಾಟಿನ್ಯಾಗಿಂದು ಬರದೀರಿ. ಗಡಿಗ್ಯಾಗಿಂದು ಯಾರು ಬರೀಬೇಕ್ರಿ?"

ನಮ್ಮ ಮನೆಯಲ್ಲಿ ದಿನಾ ರಾತ್ರಿ ಒಂದು ಗ್ಲಾಸು ಅಕ್ಕಿ ಹೆಚ್ಚಿಗೆ ಬೇಯುತ್ತಿತ್ತು. ಹೊತ್ತಿಲ್ಲದ ಹೊತ್ತಿನಲ್ಲಿ ಬರುವವರ ಪಾಲು ಅದು. ನನ್ನ ತಾಯಿಯ ಕಾಲದಿಂದ ನಡೆದು ಬಂದದ್ದು. ಯಾರೂ ಬರದ ದಿನ, ಅನ್ನ ಚೆಲ್ಲಬಾರದೆಂದು, ಪಾತ್ರೆ ತೊಳೆಯುವ ಮೊದಲು ಅಡುಗೆಮನೆಯಲ್ಲಿ ನಿಂತುಕೊಂಡೇ ಆಕೆ ಅದನ್ನು ಉಣ್ಣುತ್ತಿದ್ದಳು. ಬರುವವರು ತಿಂಗಳಿಗೆ ನಾಲ್ಕು ದಿನ ಬಂದರೆ ಹೆಚ್ಚು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ಗಮನಿಸಿರಲಿಲ್ಲ. ನನ್ನ ವರದಿ ತಪ್ಪಾಗಿತ್ತು.

"ಆ ಅಕ್ಕಿ ಹಾಕೋದು ಬಿಡು," ಎಂದೆ.

"ಬಂದವ್ರನ್ನ ಉಪಾಸ ಕಳಸ್ಲೇನು? ನಿಮ್ಮವ್ವ ಇದ್ದಿದ್ರ ನಿಮಗ ಬಡೀತಿದ್ರು."

ಉಪಾಯ ಆಕೆಯೇ ಹುಡುಕಿದಳು. ಸಂಜೆ ಆ ಗ್ಲಾಸು ಅಕ್ಕಿ ಅಳೆದು ಒಲೆಯ ಪಕ್ಕ ಹಸಿಯಾಗಿಯೇ ಇಡುತ್ತಾಳೆ. ಯಾರಾದರೂ ಬಂದರೆ ಕುಕ್ಕರಿಗೆ. ಬರದಿದ್ದರೆ ಮರಳಿ ಡಬ್ಬಿಗೆ. ಹದಿನೈದು ದಿನದಲ್ಲಿ ಎರಡು ಕಿಲೋ ಇಳಿಯಿತು.

ಅದೇ ವಾರ ಒಂದು ಬೆಳಿಗ್ಗೆ ನಾನು ಸುದ್ದಿಗೆಂದು ಬೈಕಿನಲ್ಲಿ ಗೋಗಿಗೆ ಹೊರಟಿದ್ದೆ. ಮುಂದೆ ಆಕೆ ಚೀಲ ಹಿಡಿದು ನಡೆಯುತ್ತಿದ್ದಳು. ಸೀಟಿನ ಲೆಕ್ಕದಲ್ಲಿ ಜನ ಹತ್ತಿಸಿಕೊಳ್ಳುವ ಆಟೋ ಒಂದು ಅವಳ ಪಕ್ಕ ನಿಂತಿತು. ಒಳಗೆ ಆರೇಳು ಜನರಿದ್ದರು. ನಾನು ಆಟೋದ ಹಿಂದೆಯೇ ಬೈಕ್ ನಿಲ್ಲಿಸಿದೆ.

"ಅಕ್ಕೋರ, ದಿನಾ ಇಲ್ಲೇ ಸಿಗ್ತೀರಿ. ಬಸ್ ತಪ್ಪತೈತೇನ್ರಿ? ಹತ್ತ್ರಿ, ಒಂದು ಸೀಟ್ ಐತಿ," ಎಂದ ಚಾಲಕ.

"ಎಲ್ಲಿಗೂ ಹೋಗಂಗಿಲ್ಲಪ್ಪ. ಎಂಬತ್ನಾಲ್ಕು ಕಿಲೋ ಅದೀನಿ, ಇಳಸಾಕ ನಡ್ಯಾಕತ್ತೇನಿ."

"ಮತ್ತ ಚೀಲ ಯಾಕ್ರಿ? ಇಳಿಸಿದ್ದು ತುಂಬ್ಕೊಂಡು ಬರಾಕೇನು?"

ಆಟೋ ತುಂಬ ನಗು. ಆಕೆಯೂ ನಕ್ಕಳು. "ನಗು, ನಗು. ಬ್ಯಾಸಗ್ಯಾಗ ನಿನ್ನ ಆಟೋ ಹತ್ತತೇನಿ. ಈಗಿನಷ್ಟು ಜಾಗ ಹಿಡದ್ರ ಎರಡು ಸೀಟಿನ ರೊಕ್ಕ ತಗೋ."

ಸಭೆಗಳಲ್ಲಿ ಕೂತು ಧೈರ್ಯದ ಮಾತುಗಳನ್ನು ಎಷ್ಟೋ ಬರೆದುಕೊಂಡಿದ್ದೇನೆ. ರಸ್ತೆಯಲ್ಲಿ ನಿಂತು, ಗುರುತಿಲ್ಲದ ಜನರ ಮುಂದೆ ಒಬ್ಬ ಹೆಣ್ಣುಮಗಳು ತನ್ನ ತೂಕ ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. ಆಕೆ ನನ್ನ ಹೆಂಡತಿ ಎಂಬುದು ನನಗೆ ಹೆಮ್ಮೆ. ಮರುದಿನದಿಂದ ಚೀಲ ಅಡುಗೆಮನೆಯ ಮೊಳೆಯಲ್ಲೇ ಉಳಿಯಿತು.

ಆರು ತಿಂಗಳಿಗೆ ಮತ್ತೆ ಕಲಬುರಗಿಗೆ ಹೋದೆವು. ಎಪ್ಪತ್ತೇಳು ಕಿಲೋ. ಹೇಳಿದ್ದಕ್ಕಿಂತ ಒಂದು ಕಿಲೋ ಕಡಿಮೆ ಇಳಿದಿತ್ತು. ವೈದ್ಯರು ಅವಳನ್ನು ಕೋಣೆಯಲ್ಲಿ ಆಚೀಚೆ ನಡೆಸಿ ನೋಡಿ, ಸದ್ಯ ಆಪರೇಷನ್ ಬೇಡ, ಹೀಗೇ ನಡೆಯಿರಿ ಎಂದರು.

ನಿನ್ನೆ ಬೆಳಿಗ್ಗೆ ಆರಕ್ಕೆ ಆಕೆ ಬರಿಗೈಯಲ್ಲಿ ಗೋಗಿ ರಸ್ತೆಗೆ ಹೊರಟಳು. ಓಣಿಯ ಇಬ್ಬರು ಹೆಂಗಸರು ಜೊತೆಗಿದ್ದರು. ಅವರ ಕೈಯಲ್ಲಿ ಒಂದೊಂದು ಚೀಲವಿತ್ತು.