ರೆಕ್ಕೆ ಹೊಲಿದ ದಿನಗಳು

ನನ್ನ ಗಂಡ ನಿವೃತ್ತರಾದ ಮೇಲೆ, ಮನೆಯಲ್ಲಿ ಕೆಡದೇ ಇದ್ದ ವಸ್ತುಗಳೆಲ್ಲ ಒಂದೊಂದಾಗಿ ರಿಪೇರಿಯಾಗತೊಡಗಿದವು. ಚೆನ್ನಾಗಿ ತಿರುಗುತ್ತಿದ್ದ ಮಿಕ್ಸಿಯನ್ನು ಪೂರ್ತಿ ಬಿಚ್ಚಿ ಪೇಪರಿನ ಮೇಲೆ ಹರಡಿ, "ಇನ್ನೊಂದು ವರ್ಷದಲ್ಲಿ ಕೆಡ್ತಿತ್ತು, ಈಗಲೇ ನೋಡಿದ್ದು ಒಳ್ಳೇದಾಯ್ತು" ಎಂದರು. ಆವತ್ತಿನ ಚಟ್ನಿಯನ್ನು ಒರಳಿನಲ್ಲಿ ರುಬ್ಬಿದೆ. ವಾಯುಪಡೆಯಲ್ಲಿ ವಿಮಾನಗಳ ರೆಕ್ಕೆ, ಬಾಲ, ಚಕ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞರಾಗಿ ಇಡೀ ಆಯಸ್ಸು ಕಳೆದವರಿಗೆ ಮತ್ತಿಕೆರೆಯ ಎರಡು ರೂಮಿನ ಮನೆಯಲ್ಲಿ ಬಿಚ್ಚುವುದಕ್ಕೆ ಎಷ್ಟು ಸಿಕ್ಕೀತು? ಹಾಗಾಗಿ ಹಳೆಯ ಕಾರುಗಳನ್ನು ಕೂಡಿಡುವ ಶೋಕಿಯವರೊಬ್ಬರು ಫೋನ್ ಮಾಡಿ, "ನನ್ನ ಶೆಡ್ಡಲ್ಲಿ ಒಂದು ಹಳೇ ಮಿಲಿಟರಿ ವಿಮಾನ ಬಿದ್ದಿದೆ, ಹಾರೋ ಹಾಗೆ ಮಾಡಿಕೊಡ್ತೀರಾ?" ಎಂದು ಕೇಳಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನೇ.

ಶೆಡ್ಡು ಇದ್ದದ್ದು ಬಾಗಲೂರಿನ ಆಚೆ, ಒಂದು ದ್ರಾಕ್ಷಿ ತೋಟದ ಪಕ್ಕದಲ್ಲಿ. ಮೊದಲ ಸಲ ನೋಡಿದಾಗ ನನಗೆ ಅಲ್ಲಿ ವಿಮಾನವೇ ಕಾಣಲಿಲ್ಲ. ಮದುವೆ ಮುಗಿದ ಮಾರನೆಯ ದಿನ ಬಿಚ್ಚಿಟ್ಟ ಚಪ್ಪರದ ಹಾಗೆ ಮರದ ಪಟ್ಟಿಗಳು, ಕಬ್ಬಿಣದ ಕೊಳವೆಗಳು, ತಂತಿಗಳು, ಗೋಡೆಗೆ ಒರಗಿಸಿದ ಅಸ್ಥಿಪಂಜರದಂಥ ನಾಲ್ಕು ರೆಕ್ಕೆಗಳು. ಒಂದರ ಮೇಲೊಂದು ರೆಕ್ಕೆಯಿದ್ದು, ತಲೆಯ ಮೇಲೆ ಸೂರಿಲ್ಲದ ತರಬೇತಿ ವಿಮಾನವಂತೆ. ಈಗಿನ ಪೈಲಟ್‌ಗಳ ತಾತಂದಿರು ಹಾರಲು ಕಲಿತದ್ದು ಇಂಥದ್ದರಲ್ಲೇ.

"ಇದು ಹಾರುತ್ತಾ?" ಎಂದೆ.

"ಹಾರ್ತಿತ್ತು. ಮುಂದೆ ಹಾರುತ್ತೆ."

"ಈಗ?"

"ಈಗ ನಾವಿದೀವಲ್ಲ" ಎಂದು ತೋಳು ಮಡಿಸಿದರು.

ನಾವು ಎಂದರೆ ಅವರು ಮತ್ತು ಅವರ ಒಬ್ಬ ಗೆಳೆಯರು. ಹುಬ್ಬಳ್ಳಿಯ ಕಡೆಯಿಂದ ಬಂದು ಪೀಣ್ಯದ ಕಾರ್ಖಾನೆಯಲ್ಲಿ ಎಂಜಿನ್‌ಗಳ ಜೊತೆ ಬಾಳ್ವೆ ಮಾಡಿದವರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಬೆಳಿಗ್ಗೆ ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಯಶವಂತಪುರದಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಇಬ್ಬರೂ ನಮ್ಮ ಕಾರಿನಲ್ಲಿ, ನನ್ನ ಬುತ್ತಿಯ ಸಮೇತ, ಹೆಬ್ಬಾಳದ ಜಾಮನ್ನು ಬೈಯುತ್ತಾ ಬಾಗಲೂರಿಗೆ ಹೋಗುತ್ತಿದ್ದರು. ಒಬ್ಬರಿಗೆ ಎಂಜಿನ್ನು, ಇನ್ನೊಬ್ಬರಿಗೆ ಉಳಿದ ಮೈ. ಮಳೆಗಾಲ ಬಂತು, ಹೋಯಿತು. ಕೊಳೆತ ಮರದ ಜಾಗಕ್ಕೆ ಹೊಸ ಮರ ಬಂತು, ತುಕ್ಕು ಹಿಡಿದ ತಂತಿಯ ಜಾಗಕ್ಕೆ ಹೊಸ ತಂತಿ ಬಂತು. ನಮ್ಮ ಮಿಕ್ಸಿಗೆ ನೆಮ್ಮದಿ ಬಂತು.

ಒಂದು ಸಂಜೆ ಅವರು ಕಾಫಿ ಕುಡಿಯುತ್ತಾ, ಏನೂ ಅಲ್ಲದ ವಿಷಯ ಹೇಳುವವರ ಹಾಗೆ, "ರೆಕ್ಕೆಗೆ ಬಟ್ಟೆ ಹೊಲೀಬೇಕಿತ್ತು ಕಣೇ" ಎಂದರು.

"ವಿಮಾನಕ್ಕೆ ಬಟ್ಟೆ ಯಾಕ್ರೀ? ಚಳೀನಾ?"

ಆ ಕಾಲದ ರೆಕ್ಕೆಗೆ ತಗಡು ಇರುತ್ತಿರಲಿಲ್ಲವಂತೆ. ಮರದ ಪಕ್ಕೆಲುಬುಗಳ ಮೇಲೆ ಗಟ್ಟಿ ಬಟ್ಟೆ ಹೊದಿಸಿ, ಎರಡೂ ಬದಿಯಿಂದ ಪಕ್ಕೆಲುಬಿಗೆ ಸೇರಿಸಿ ಹೊಲಿದು, ಮೇಲೆ ಡೋಪ್ ಎಂಬ ವಾರ್ನಿಷ್ ಬಳಿಯುತ್ತಾರೆ. ಒಣಗಿದಾಗ ಬಟ್ಟೆ ಬಿಗಿದು ತಮಟೆಯ ಹಾಗಾಗುತ್ತದೆ. ನಾನು ಬೀದಿಯ ಅರ್ಧ ಹೆಂಗಸರ ಸೀರೆಗೆ ಫಾಲ್ ಹಚ್ಚಿಕೊಟ್ಟವಳು. ಬಟ್ಟೆ, ಸೂಜಿ ಎಂದಮೇಲೆ ನನಗೇನು ಹೆದರಿಕೆ? ಮಾರನೆಯ ದಿನವೇ ಕನ್ನಡಕ ಒರೆಸಿಕೊಂಡು ಹೊರಟೆ.

ಮೊದಲ ದಿನದ ನನ್ನ ಕೆಲಸ ನೋಡುವ ಹಾಗಿತ್ತು. ಸಣ್ಣ ಸಣ್ಣ ಹೊಲಿಗೆ. ದಾರ ಎಲ್ಲಿ ಒಳಹೋಯಿತು, ಎಲ್ಲಿ ಹೊರಬಂತು ಎಂದು ದೇವರಿಗೂ ಗೊತ್ತಾಗಬಾರದು. ನನ್ನ ಗಂಡ ಬಂದು ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು.

"ತುಂಬಾ ಚೆನ್ನಾಗಿದೆ. ಎಲ್ಲಾ ಬಿಚ್ಚು."

"ಏನಂದ್ರಿ?"

"ಇದು ಫಾಲ್ ಅಲ್ಲ ಕಣೇ. ಗಾಳಿ ಎಳೆಯುತ್ತೆ. ದಾರ ಪಕ್ಕೆಲುಬನ್ನ ಸುತ್ತಿ ಹಿಡ್ಕೊಂಡು, ಪ್ರತಿ ಹೊಲಿಗೆಗೂ ಒಂದು ಗಂಟು ಬೀಳಬೇಕು. ಒಂದು ಕಿತ್ತೋದ್ರೂ ಪಕ್ಕದ್ದು ಬಿಚ್ಚಬಾರದು. ಚಂದ ಆಮೇಲೆ."

ಮೂಲೆಯಲ್ಲಿ ಎಂಜಿನ್ನಿನೊಳಗೆ ತಲೆ ಹಾಕಿದ್ದ ಗೆಳೆಯರು ಅಲ್ಲಿಂದಲೇ, "ವೈನೀ, ಸಿಟ್ಟಾಗಬ್ಯಾಡ್ರಿ. ನನಗೂ ಮನ್ನಿ ಇಡೀ ಕಾರ್ಬೊರೇಟರ್ ಬಿಚ್ಚಿಸ್ಯಾನ್ರೀ ಇವಾ" ಎಂದರು. ಸಿಟ್ಟಾಗಿಯೇ ಬಿಚ್ಚಿದೆ.

ಸರಿಯಾದ ಹೊಲಿಗೆಗೆ ಇಬ್ಬರು ಬೇಕು. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿ, ಒಬ್ಬರು ಆ ಬದಿ, ಒಬ್ಬರು ಈ ಬದಿ. ಮೇಣ ಹಚ್ಚಿದ ದಾರ ಪೋಣಿಸಿದ ಉದ್ದನೆಯ ಸೂಜಿಯನ್ನು ನಾನು ಇಲ್ಲಿಂದ ತೂರಿಸಬೇಕು, ಅವರು ಅಲ್ಲಿ ಹಿಡಿದು ಪಕ್ಕೆಲುಬಿನ ಇನ್ನೊಂದು ಮಗ್ಗುಲಿಂದ ವಾಪಸ್ ಕಳಿಸಬೇಕು. ನಡುವೆ ಬಿಳಿ ಬಟ್ಟೆ. ಮುಖ ಕಾಣುವುದಿಲ್ಲ, ಕಿಟಕಿಯ ಬೆಳಕಿಗೆ ನೆರಳು ಮಾತ್ರ ಕಾಣುತ್ತದೆ.

"ಬಂತಾ?"

"ಬರ್ಲಿಲ್ಲ."

"ಈಗ?"

"ಅಯ್ಯೋ! ಬೆರಳಿಗೆ ಬಂತು!"

ಮದುವೆಯಾದ ಮೇಲೆ ಅವರ ಅರ್ಧ ಸರ್ವಿಸ್ಸು ದೂರದ ಊರುಗಳಲ್ಲಿ, ಉಳಿದದ್ದು ಯಲಹಂಕದ ಡ್ಯೂಟಿಯಲ್ಲಿ ಕಳೆದಿತ್ತು. ನಾವಿಬ್ಬರೂ ಹೀಗೆ ಒಂದೇ ಕೆಲಸಕ್ಕೆ ಕೈಹಾಕಿದ್ದು ಇದೇ ಮೊದಲು. ಮುಖ ಕಾಣದಿದ್ದರೆ ಮಾತು ಸಲೀಸು ಎಂದು ನನಗೆ ಆಗ ಗೊತ್ತಾಯಿತು. ನನ್ನ ಅವರೆಕಾಳು ಉಪ್ಪಿಟ್ಟು ಅವರಿಗೆ ಯಾವತ್ತೂ ಸೇರಿಲ್ಲವೆಂಬ ಸತ್ಯ ಮೇಲಿನ ಎಡ ರೆಕ್ಕೆಯಲ್ಲಿ ಹೊರಬಿತ್ತು. ಅವರ ಅಕ್ಕನ ಬಗ್ಗೆ ನಾನು ಇಷ್ಟು ವರ್ಷ ಹೇಳದೆ ಬಿಟ್ಟದ್ದನ್ನು ಕೆಳಗಿನ ಬಲ ರೆಕ್ಕೆಯಲ್ಲಿ ಹೇಳಿದೆ. ಆ ಬದಿಯಿಂದ ಸೂಜಿ ಸ್ವಲ್ಪ ಹೊತ್ತು ಬರಲೇ ಇಲ್ಲ. ಆಮೇಲೆ ಬಂತು. "ನನಗೂ ಹಾಗೇ ಅನ್ಸಿತ್ತು" ಎಂಬ ಮಾತೂ ಜೊತೆಗೇ ಬಂತು.

ಇನ್ನೊಂದು ದಿನ ಕೇಳದೆಯೇ ಹೇಳಿದರು. "ಇಷ್ಟು ವಿಮಾನ ಮೇಲೆ ಕಳಿಸಿದೀನಲ್ಲ, ನಾನು ಹೋಗಿದ್ದು ಬರೀ ಸಾಮಾನು ಸಾಗಿಸೋ ವಿಮಾನದಲ್ಲಿ. ಅಡ್ಡ ಬೆಂಚು, ಕಿಟಕಿ ಇಲ್ಲ. ಲಾರೀಲಿ ಹೋದ ಹಾಗೆ. ಇಂಥದ್ದರಲ್ಲಿ, ಮುಖಕ್ಕೆ ಗಾಳಿ ಬಡಿಯೋ ಥರ, ಒಂದ್ಸಲಾನೂ ಇಲ್ಲ."

"ಇದು ರೆಡಿಯಾದ ಮೇಲೆ ಹೋಗ್ಬಹುದಲ್ಲ?"

"ಹೋಗ್ಲೇಬೇಕು" ಎಂದಿತು ನೆರಳು.

ಡೋಪ್ ಬಳಿದ ವಾರಗಳಲ್ಲಿ ನಮ್ಮ ಮೈಗೆಲ್ಲ ಉಗುರುಬಣ್ಣದ ವಾಸನೆ. ಮನೆಗೆ ಬಂದ ಬೀಗರು ಮೂಗು ಮುಚ್ಚಿಕೊಂಡು "ಪೇಂಟ್ ಮಾಡಿಸ್ತಿದೀರಾ?" ಎಂದರು. "ವಿಮಾನಕ್ಕೆ" ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಎಂಜಿನ್ನು ಮಾತ್ರ ಗೋಳುಹೊಯ್ದುಕೊಂಡಿತು. ಗೆಳೆಯರು ಎದುರು ನಿಂತು ಮರದ ಪ್ರೊಪೆಲ್ಲರನ್ನು ಕೈಯಿಂದ ಬೀಸಿ ತಿರುಗಿಸಿದರೆ ಅದು ಕೆಮ್ಮುವುದು, ಹೊಗೆ ಬಿಡುವುದು, ನಾವೆಲ್ಲ ಚಪ್ಪಾಳೆ ತಟ್ಟುವಷ್ಟರಲ್ಲಿ ನಿಂತುಹೋಗುವುದು. ಕಿಡಿ ಸರಿಯಿಲ್ಲ ಎಂದು ಇವರು, ನಿನ್ನ ತಲಿ ಸರಿಯಿಲ್ಲ ಎಂದು ಅವರು. ದಿನಗಟ್ಟಲೆ ಜಗಳವಾಡಿ, ಕೊನೆಗೆ ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕೊಳವೆಯೊಳಗೆ ತಂತಿ ತೂರಿಸಿದಾಗ ಒಣಮಣ್ಣು ಉದುರಿತು. ಕಣಜದ ಹುಳು ಗೂಡು ಕಟ್ಟಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ.

"ನೋಡ್ರಿ ವೈನೀ" ಎಂದು ಗೆಳೆಯರು ಮಣ್ಣನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. "ನಾವಿಬ್ಬರೂ ಎಂಜಿನಿಯರ್ ಅಂತ ಮೆರೀತಿದ್ವಿ. ಈ ಹುಳ ಇಷ್ಟ ಮಣ್ಣಾಗ ಇಡೀ ವಿಮಾನ ಹಿಡದು ನಿಲ್ಲಿಸೇತಿ."

ಆ ಮಧ್ಯಾಹ್ನ ಎಂಜಿನ್ನು ಹಿಡಿಯಿತು. ಗೆಳೆಯರ ಟೋಪಿ ಹಾರಿ ದ್ರಾಕ್ಷಿ ತೋಟಕ್ಕೆ ಬಿತ್ತು. ಇಬ್ಬರೂ ತಬ್ಬಿಕೊಂಡದ್ದನ್ನು ನಾನು ನೋಡಿಲ್ಲ ಎಂದೇ ಇವತ್ತಿಗೂ ಅವರ ನಂಬಿಕೆ.

ಸರ್ಕಾರಿ ತಪಾಸಣೆಯವರು ಬಂದು ರೆಕ್ಕೆ ತಟ್ಟಿ, ಹೊಲಿಗೆ ಎಳೆದು, ತಂತಿ ಮಿಡಿದು ಒಪ್ಪಿಕೊಂಡರು. ವಿಮಾನವನ್ನು ಲಾರಿಯಲ್ಲಿ ಊರಾಚೆಯ ಒಂದು ಚಿಕ್ಕ ರನ್‌ವೇಗೆ ಸಾಗಿಸಿ ಜೋಡಿಸಿದೆವು. ಹಾರಿಸಲು ಬಂದದ್ದು ಒಬ್ಬ ಪೈಲಟ್ಟಮ್ಮ. ವಾರವೆಲ್ಲ ದೊಡ್ಡ ಪ್ರಯಾಣಿಕರ ವಿಮಾನ ಓಡಿಸಿ, ರಜೆಯ ದಿನ ಹಳೆಯ ವಿಮಾನಗಳ ಹಿಂದೆ ಬೀಳುವ ನಲವತ್ತರ ಹೆಣ್ಣುಮಗಳು. ಒಬ್ಬಳೇ ಹತ್ತಿ ಮೊದಲ ಪರೀಕ್ಷೆಗಳನ್ನೆಲ್ಲ ಮಾಡಿದಳು. ಅದು ನೆಲ ಬಿಟ್ಟ ಗಳಿಗೆಯಲ್ಲಿ ನನ್ನ ಗಂಡ ಆಕಾಶ ನೋಡಲಿಲ್ಲ. ಚಕ್ರಗಳನ್ನೇ ನೋಡುತ್ತಾ, "ಎಡಗಡೇದು ಸ್ವಲ್ಪ ಅಲ್ಲಾಡ್ತಿದೆ" ಎಂದು ಗೊಣಗಿದರು.

ಎಲ್ಲ ಮುಗಿದು, ಜೊತೆಯಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು ಎಂಬ ದಿನ ಬಂತು. ನನ್ನ ಗಂಡ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಪೈಲಟ್ಟಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ನಡುವೆ ಹೊಟ್ಟೆಯ ಹತ್ತಿರ ಕಣ್ಣು ನಿಂತಿತು.

"ಅಂಕಲ್, ಮುಂದಿನ ಸೀಟಿಗೆ ತೂಕದ ಲಿಮಿಟ್ ಇದೆ ಅಲ್ವಾ?"

"ಇದೆ."

"ಆ ಲೆಕ್ಕ ಹಾಕಿದ್ದು ಯಾರು?"

"ನಾನೇ" ಎಂದರು, ಧ್ವನಿ ಇಳಿಸಿ.

ಸಾಮಾನು ತೂಗುವ ತಕ್ಕಡಿ ಅಲ್ಲೇ ಇತ್ತು. ನಿಂತರು. ಮುಳ್ಳು ಮಿತಿ ದಾಟಿತು. ಶೂ ಬಿಚ್ಚಿದರು, ಕೈಗಡಿಯಾರ ಬಿಚ್ಚಿದರು, ಉಸಿರು ಒಳಗೆಳೆದುಕೊಂಡರು.

"ಉಸಿರಿಗೆ ತೂಕ ಇಲ್ಲ ಅಂಕಲ್."

"ಬೆಣ್ಣಿ ದ್ವಾಸಿಗೆ ಐತಿ" ಎಂದರು ಗೆಳೆಯರು.

ಯಾರಾದರೂ ಬೇರೆಯವರ ಲೆಕ್ಕವಾಗಿದ್ದರೆ ವಾದ ಮಾಡುತ್ತಿದ್ದರು. ತಮ್ಮದೇ ಲೆಕ್ಕದ ಮೇಲೆ ವಾದ ಮಾಡುವಷ್ಟು ಸಣ್ಣವರಲ್ಲ. ತಕ್ಕಡಿಯಿಂದ ಇಳಿದು, ಶೂ ಹಾಕಿಕೊಳ್ಳುತ್ತಾ, ನನ್ನ ಕಡೆ ತಿರುಗದೆಯೇ "ನೀನು ಹೋಗು" ಎಂದರು.

"ನಾನಾ? ಸುಮ್ನಿರಿ!"

"ನಿನ್ನ ಹೊಲಿಗೆ ಕಣೇ ಅದು."

"ನನ್ನ ಹೊಲಿಗೆ ಅಂತಾನೇ ಭಯ ರೀ."

ಆದರೂ ಹತ್ತಿದೆ. ಪುಣ್ಯಕ್ಕೆ ಆವತ್ತು ಚೂಡಿದಾರ ಹಾಕಿದ್ದೆ. ಕನ್ನಡಕದ ಮೇಲೆ ಗಾಗಲ್ಸು, ಜಡೆಯ ಮೇಲೆ ಚರ್ಮದ ಟೋಪಿ. ಬೆಲ್ಟನ್ನು ನನ್ನ ಗಂಡನೇ ಬಿಗಿದು, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದರು.  

ನೆಲ ಬಿಟ್ಟದ್ದು ಗೊತ್ತೇ ಆಗಲಿಲ್ಲ. ಕುಲುಕಾಟ ನಿಂತಿತು ಅಷ್ಟೆ. ಗಾಳಿ ಕೆನ್ನೆಯನ್ನು ಕಿವಿಯ ಕಡೆಗೆ ತಳ್ಳಿತು. ಕೆಳಗೆ ಕೆರೆಯೊಂದು ಯಾರೋ ಬೀಳಿಸಿದ ತಟ್ಟೆಯ ಹಾಗೆ ಹೊಳೆಯಿತು. ಹಸಿರು ಪಟ್ಟಿಪಟ್ಟಿಯಾಗಿ ದ್ರಾಕ್ಷಿ ತೋಟಗಳು, ಕಲ್ಲು ಕ್ವಾರಿಯ ಬಾಯಿ, ಅದರಾಚೆ ಸಾಲು ಅಪಾರ್ಟ್‌ಮೆಂಟುಗಳು. ನಾನು ನೋಡಿದ್ದು ಕಡಿಮೆ. ನನ್ನ ಕಣ್ಣು ಎಡ ರೆಕ್ಕೆಯ ಮೂರನೆಯ ಪಕ್ಕೆಲುಬಿನ ಮೇಲಿತ್ತು. ಅಲ್ಲೊಂದು ಗಂಟು ಸರಿಯಾಗಿ ಬಿದ್ದಿಲ್ಲವೆಂದು ನನಗೆ ಯಾವತ್ತಿನಿಂದಲೋ ಅನುಮಾನ.

"ಆಂಟಿ, ಹೇಗಿದೆ?" ಎಂದಿತು ಟೋಪಿಯ ಇಯರ್‌ಫೋನಿನಲ್ಲಿ ಹಿಂದಿನ ಸೀಟಿನ ಪೈಲಟ್ಟಮ್ಮನ ಧ್ವನಿ.

"ಇನ್ನೂ ಬಿಚ್ಚಿಲ್ಲ!" ಎಂದು ಕಿರುಚಿದೆ.

ಹಿಂದಿನ ಸೀಟಿನ ನಗುವಿಗೆ ಇಡೀ ವಿಮಾನ ನಕ್ಕ ಹಾಗಾಯಿತು. ಆಮೇಲೆ ನಾನು ರೆಕ್ಕೆಯನ್ನು ಬಿಟ್ಟು ಊರನ್ನು ನೋಡಿದೆ.

ಇಳಿದಾಗ ನನ್ನ ಗಂಡ ಓಡಿಬಂದರು. "ಎಣ್ಣೆ ಸೋರ್ತಿತ್ತಾ? ಬಲಕ್ಕೆ ಎಳೀತಿತ್ತಾ?" ಎಲ್ಲ ಕೇಳಿ ಮುಗಿದ ಮೇಲೆ, ಟೋಪಿಯನ್ನು ನನ್ನ ತಲೆಯಿಂದ ಬಿಡಿಸುತ್ತಾ, "ಹೇಗಿತ್ತೇ?" ಎಂದರು. ನಾನು ಬಾಯಿಬಿಟ್ಟೆ, ಅಳು ಬಂತು. ಅವರಿಗೆ ಉತ್ತರ ಸಿಕ್ಕಿತು.

ಮಾರನೆಯ ಬೆಳಿಗ್ಗೆಯಿಂದ ಅವರು ಪಾರ್ಕಿನಲ್ಲಿ ನಡೆಯತೊಡಗಿದರು. ಬೆಣ್ಣೆ ಹೋಯಿತು, ಎರಡನೆಯ ಹೋಳಿಗೆ ಹೋಯಿತು, ಸೇರದ ಅವರೆಕಾಳು ಉಪ್ಪಿಟ್ಟನ್ನೂ ಅರ್ಧ ತಟ್ಟೆ ತಿಂದು ಏಳುತ್ತಿದ್ದರು. ದೀಪಾವಳಿ ದಾಟಿ, ಸಂಕ್ರಾಂತಿ ದಾಟಿ, ಯುಗಾದಿಯ ಹೊತ್ತಿಗೆ ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾಯಿತು. ತಕ್ಕಡಿ ಒಪ್ಪಿತು. ಈ ಸಲ ಬೆಲ್ಟ್ ಬಿಗಿದವಳು ನಾನು.

ವಿಮಾನ ಒಂದು ಸುತ್ತು ಹಾಕಿ, ಇನ್ನೊಂದು ಸುತ್ತು ಹಾಕಿ ಇಳಿಯಿತು. ನನ್ನ ಗಂಡ ಇಳಿದರು. ಮುಖ ಹಾಗಲಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿ ಮಡಿಸಿ ಹಿಡಿದ ಒಂದು ಕಾಗದದ ಚೀಲ.

"ಅಂಕಲ್‌ಗೆ ಮೊದಲನೇ ತಿರುವಲ್ಲೇ ಶುರುವಾಯ್ತು" ಎಂದಳು ಪೈಲಟ್ಟಮ್ಮ ಮೆಲ್ಲಗೆ. ಗೆಳೆಯರು ನಗು ತಡೆಯಲಾರದೆ ನಮ್ಮ ಕಾರಿನ ಹಿಂದೆ ಹೋದರು.

ಮನೆಗೆ ಕಾರು ಓಡಿಸಿದ್ದು ನಾನು. ಅವರು ಕಿಟಕಿ ಇಳಿಸಿ, ಕಣ್ಣು ಮುಚ್ಚಿ ಕೂತಿದ್ದರು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಎಂದಿನ ಹಾಗೆ ಎಲ್ಲ ನಿಂತಿತ್ತು. ಹಾರ್ನುಗಳ ನಡುವೆ ಅವರು ಕಣ್ಣು ಬಿಟ್ಟರು.

"ಮೇಲಿಂದ ಆ ಎಂಜಿನ್ ಶಬ್ದ ಬೇರೇನೇ ಕಣೇ. ಕೆಳಗಿಂದ ಕೇಳಿದ್ರೆ ದೂರ ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ. ಅಲ್ಲಿ ಸಣ್ಣಗಾಗೋದೇ ಇಲ್ಲ. ನಮ್ಮ ಜೊತೇನೇ ಬರುತ್ತೆ."

"ಅಷ್ಟೊಂದು ವಾಂತಿ ಮಾಡ್ಕೊಂಡು ಅದನ್ನೂ ಕೇಳಿಸ್ಕೊಂಡ್ರಾ?"

"ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದು, ಮುಂದಿನ ಬಸ್ಸು ಅಲ್ಲಾಡಿದ್ದನ್ನು ತೋರಿಸಿ, "ಗೇರ್ ಹಾಕು, ಹೊರಡ್ತು" ಎಂದರು.